ನಗರದ ಬಿಸಿಲು, ಮಳೆನೀರು ಮತ್ತು ಯುವಜನ: ಭಾಷಣ ಬಿಟ್ಟು ಕೆಲಸ ಕೊಡುವುದು ಹೇಗೆ

ಜೂನ್ 5, ವಿಶ್ವ ಪರಿಸರ ದಿನ ಬಂತು ಅಂದರೆ ಪೋಸ್ಟರ್ ಸ್ಪರ್ಧೆ, ಒಂದು ಜಾಥಾ, ನಾಲ್ಕು ಸಸಿ, ಸಸಿ ಸುತ್ತ ಹತ್ತು ಜನ ನಿಂತ ಫೋಟೊ. ಮುಂದಿನ ವಾರ ಆ ಸಸಿಗೆ ನೀರು ಹಾಕುವವರಿಲ್ಲ. ಸಭೆ ಕರೆದರೆ ಬರುವವರೂ ಇಲ್ಲ. ಆಮೇಲೆ "ಈಗಿನ ಹುಡುಗರಿಗೆ ಆಸಕ್ತಿಯೇ ಇಲ್ಲ" ಅಂತ ಒಂದು ಮಾತು. ಆಸಕ್ತಿ ಬೇಕಾದಷ್ಟಿದೆ. ಕೊಟ್ಟ ಕೆಲಸದಲ್ಲಿ ಹುರುಳಿರಲಿಲ್ಲ, ಅಷ್ಟೆ.

2021ರಲ್ಲಿ 'ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್' ಪತ್ರಿಕೆಯಲ್ಲಿ ಒಂದು ಸಮೀಕ್ಷೆ ಬಂತು. ಹತ್ತು ದೇಶಗಳ 16ರಿಂದ 25 ವರ್ಷದ 10,000 ಜನರನ್ನು ಕೇಳಿದ್ದರು. ಹವಾಮಾನ ಬದಲಾವಣೆ ಬಗ್ಗೆ ತುಂಬಾ ಅಥವಾ ವಿಪರೀತ ಚಿಂತೆ ಇದೆ ಅಂದವರು ಶೇ 59. ಇಷ್ಟು ಚಿಂತೆ ಇರುವವರ ಮುಂದೆ ಮತ್ತೆ ಮೈಕ್ ಹಿಡಿದು "ಅರಿವು ಮೂಡಿಸುವುದು" ಏನನ್ನು? ಅವರಿಗೆ ಬೇಕಿರುವುದು ಕೈಗೆ ಸಿಗುವ ಕೆಲಸ, ಆ ಕೆಲಸದಲ್ಲಿ ತಮ್ಮ ಮಾತು ನಡೆಯುತ್ತದೆ ಅನ್ನೋ ನಂಬಿಕೆ.

ನೀವು ಕಾಲೇಜಿನ ಮೇಷ್ಟ್ರಾಗಿರಬಹುದು, ನಗರಸಭೆಯ ಎಂಜಿನಿಯರ್ ಆಗಿರಬಹುದು, ಬಡಾವಣೆ ಸಂಘದವರಾಗಿರಬಹುದು, ಅಥವಾ ನೀವೇ ಇಪ್ಪತ್ತರ ವಯಸ್ಸಿನವರಾಗಿ ನಾಲ್ಕು ಗೆಳೆಯರನ್ನು ಸೇರಿಸಲು ಹೊರಟವರಾಗಿರಬಹುದು. ಬದಲಾಗುತ್ತಿರುವ ಹವಾಮಾನಕ್ಕೆ ನಗರವನ್ನು ಹೊಂದಿಸುವ ಕೆಲಸದಲ್ಲಿ ಯುವಜನರನ್ನು ಸೇರಿಸಿಕೊಳ್ಳಲು ಯಾರೇ ಆದರೂ ಮಾಡಬೇಕಾದ್ದು ಹೆಚ್ಚು ಕಡಿಮೆ ಒಂದೇ.

ಮೊದಲು ಹೊಂದಾಣಿಕೆ ಅಂದರೆ ಏನು ಅಂತ ನೀವೇ ಸ್ಪಷ್ಟ ಮಾಡಿಕೊಳ್ಳಿ

ಹೊಗೆ ಕಡಿಮೆ ಮಾಡುವುದು, ಪೆಟ್ರೋಲ್ ಬಿಟ್ಟು ಸೈಕಲ್ ಹತ್ತುವುದು, ಸೋಲಾರ್ ಹಾಕುವುದು, ಇವೆಲ್ಲ ಮುಂದೆ ಬಿಸಿ ಜಾಸ್ತಿಯಾಗದಂತೆ ತಡೆಯುವ ಕೆಲಸ. ಬೇಕೇ ಬೇಕು. ಆದರೆ 19ನೇ ಶತಮಾನದ ಕೊನೆಗಿಂತ ಭೂಮಿ ಈಗಾಗಲೇ ಒಂದು ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿದೆ. ಹೀಗೆ ಬಂದುಬಿಟ್ಟಿರುವ ಬಿಸಿಲಿನಲ್ಲಿ, ಬಂದುಬಿಟ್ಟಿರುವ ಮಳೆಯಲ್ಲಿ ಜನ ಹೇಗೆ ಬದುಕಬೇಕು ಅನ್ನೋದಕ್ಕೆ ದಾರಿ ಮಾಡುವುದು ಹೊಂದಾಣಿಕೆ. ನೆರಳು, ಚರಂಡಿ, ತಂಪಾದ ಚಾವಣಿ, ಎಚ್ಚರಿಕೆ ಸಂದೇಶ, ಒಂಟಿಯಾಗಿರುವ ಅಜ್ಜಿಗೆ ಒಂದು ಫೋನ್, ಎಲ್ಲವೂ ಇದರಲ್ಲಿ ಬರುತ್ತವೆ.

ನಗರಕ್ಕೆ ಇದು ಯಾಕೆ ಮುಖ್ಯ ಅಂದರೆ, ಕಾಂಕ್ರೀಟು ಮತ್ತು ಟಾರು ಹಗಲೆಲ್ಲ ಬಿಸಿ ಹೀರಿಕೊಂಡು ರಾತ್ರಿ ಬಿಡುತ್ತವೆ. ಹಾಗಾಗಿ ರಾತ್ರಿಯೂ ಮೈ ತಣಿಯುವುದಿಲ್ಲ. ಅದೇ ಕಾಂಕ್ರೀಟು ನೀರು ಇಂಗಲು ಬಿಡುವುದಿಲ್ಲ, ಅರ್ಧ ಗಂಟೆ ಜೋರು ಮಳೆ ಬಂದರೆ ತಗ್ಗಿನ ಬೀದಿ ಕೆರೆಯಾಗುತ್ತದೆ.

1995ರ ಜುಲೈಯಲ್ಲಿ ಷಿಕಾಗೊದಲ್ಲಿ ಕೆಲವೇ ದಿನಗಳ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ತುಂಬಾ ಜನ ಒಂಟಿಯಾಗಿ ಬದುಕುತ್ತಿದ್ದ ವಯಸ್ಸಾದವರು. ಬಾಗಿಲು ಕಿಟಕಿ ಹಾಕಿಕೊಂಡು ಒಳಗೇ ಇದ್ದರು, ಯಾರೂ ಹೋಗಿ ನೋಡಲಿಲ್ಲ. ಬಾಗಿಲು ತಟ್ಟಿ "ಹೇಗಿದ್ದೀರಿ" ಅಂತ ಕೇಳುವುದಕ್ಕೆ ಎಂಜಿನಿಯರ್ ಬೇಡ, ಟೆಂಡರ್ ಬೇಡ. ಬೀದಿಯ ಹುಡುಗ ಹುಡುಗಿಯರು ಸಾಕು. ಹೊಂದಾಣಿಕೆಯ ಕೆಲಸ ಯುವಜನರಿಗೆ ಒಗ್ಗುವುದು ಇದಕ್ಕೇ: ಜಾಗ ಹತ್ತಿರದ್ದು, ಕೆಲಸ ಸಣ್ಣದು, ಫಲ ಕಣ್ಣಿಗೆ ಕಾಣುತ್ತದೆ. ಮನೆಯ ಬಲ್ಬ್ ಆರಿಸಿದರೆ ಭೂಮಿ ಎಷ್ಟು ತಂಪಾಯಿತು ಅಂತ ಯಾರಿಗೂ ತೋರಿಸಲಾಗದು. ಬಸ್ ನಿಲ್ದಾಣದಲ್ಲಿ ನೆರಳು ಬಿದ್ದರೆ ಮಾರನೇ ದಿನವೇ ಗೊತ್ತಾಗುತ್ತದೆ.

ಕರೆಯುವ ಮೊದಲು ಏನು ಕೊಡುತ್ತೀರಿ ಅಂತ ಬರೆದಿಡಿ

1992ರಲ್ಲಿ ರೋಜರ್ ಹಾರ್ಟ್ ಅನ್ನುವವರು ಯುನಿಸೆಫ್‌ಗಾಗಿ ಬರೆದ ಒಂದು ಪ್ರಬಂಧದಲ್ಲಿ ಮಕ್ಕಳ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ತೋರಿಸಿದರು. ಕೆಳಗಿನ ಮೂರು ಮೆಟ್ಟಿಲು ಪಾಲ್ಗೊಳ್ಳುವಿಕೆಯೇ ಅಲ್ಲ ಅಂದರು: ದೊಡ್ಡವರ ಮಾತನ್ನು ಮಕ್ಕಳ ಬಾಯಲ್ಲಿ ಆಡಿಸುವುದು, ವೇದಿಕೆಯ ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೊಬ್ಬರನ್ನು ಕೂರಿಸುವುದು. ನಮ್ಮ ಬಹಳಷ್ಟು ಕಾರ್ಯಕ್ರಮಗಳು ಈ ಮೂರರಲ್ಲೇ ಮುಗಿಯುತ್ತವೆ. ನಾಲ್ಕನೇ ಮೆಟ್ಟಿಲು ನನಗೆ ಇಷ್ಟ. ಕೆಲಸ ದೊಡ್ಡವರೇ ಹೇಳಿದ್ದು, ಆದರೆ ಯಾಕೆ, ಯಾರಿಗಾಗಿ, ಇದರಿಂದ ಏನಾಗುತ್ತದೆ ಅಂತ ಪೂರ್ತಿ ತಿಳಿಸಿ, ಒಪ್ಪಿದವರಿಗೆ ಮಾತ್ರ ಕೊಟ್ಟದ್ದು. ಅದು ಪ್ರಾಮಾಣಿಕ. ಎಲ್ಲವನ್ನೂ ಯುವಜನರೇ ನಡೆಸಬೇಕು ಅಂತೇನಿಲ್ಲ. ಎಷ್ಟು ಅವರ ಕೈಯಲ್ಲಿದೆ ಅಂತ ಮೊದಲೇ ಹೇಳಿದರೆ ಸಾಕು.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ಯಾವ ತೀರ್ಮಾನ ಅವರದ್ದು? ಅದಕ್ಕೆ ಎಷ್ಟು ಹಣ ಇದೆ? ಅವರು ಹೇಳಿದ್ದಕ್ಕೆ ಯಾರು, ಯಾವ ತಾರೀಖಿನೊಳಗೆ ಉತ್ತರ ಕೊಡುತ್ತಾರೆ? ಮೂರಕ್ಕೂ ಉತ್ತರ ಇಲ್ಲ ಅಂದರೆ ಸಭೆ ಕರೆಯಬೇಡಿ. ನಿಜವಾಗಿ ಹೇಳುತ್ತಿದ್ದೇನೆ, ಕರೆಯಬೇಡಿ. ಒಮ್ಮೆ ಬಂದು ಮೋಸ ಹೋದವರು ಎರಡನೇ ಸಲ ಬರುವುದಿಲ್ಲ, ಗೆಳೆಯರನ್ನೂ ಬರಗೊಡುವುದಿಲ್ಲ.

ಹಣ ಇಲ್ಲದಿದ್ದರೆ "ಹಣ ಇಲ್ಲ, ಆದರೆ ಈ ಮೈದಾನದ ಮೂಲೆಯಲ್ಲಿ ಏನಾಗಬೇಕು ಅನ್ನೋದು ಪೂರ್ತಿ ನಿಮ್ಮದು" ಅಂತ ಹೇಳಿ. ಅಷ್ಟೂ ಸಾಕಾಗುತ್ತದೆ ಕೆಲವೊಮ್ಮೆ.

ಯಾರನ್ನು ಕರೆಯುತ್ತೀರಿ

ಚೆನ್ನಾಗಿ ಮಾತಾಡುವ ಅದೇ ಐದು ಜನ ಎಲ್ಲ ಕಡೆಯೂ ಸಿಗುತ್ತಾರೆ. ಅವರನ್ನು ಕರೆಯಿರಿ, ಬೇಡ ಅನ್ನುವುದಿಲ್ಲ, ಆದರೆ ಅವರಷ್ಟೇ ಸಾಲದು. ವಿಶ್ವಸಂಸ್ಥೆ ಲೆಕ್ಕಕ್ಕೆ ಯುವಜನ ಅಂದರೆ 15ರಿಂದ 24 ವರ್ಷದವರು. ಆ ವಯಸ್ಸಿನಲ್ಲಿ ಕಾಲೇಜಿಗೆ ಹೋಗುವವರಿದ್ದಾರೆ, ಬೈಕಿನಲ್ಲಿ ಡೆಲಿವರಿ ಮಾಡುವವರಿದ್ದಾರೆ, ಕಟ್ಟಡ ಕೆಲಸಕ್ಕೆ ಹೋಗುವವರಿದ್ದಾರೆ, ಮನೆಗೆ ನೀರು ತುಂಬಿಸಿ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿಯರಿದ್ದಾರೆ. ಯಾವ ಅಂಡರ್‌ಪಾಸ್‌ನಲ್ಲಿ ಎಷ್ಟು ಮಳೆಗೆ ನೀರು ನಿಲ್ಲುತ್ತದೆ ಅಂತ ಡೆಲಿವರಿ ಹುಡುಗನಿಗೆ ಗೊತ್ತಿರುವಷ್ಟು ಕಚೇರಿಯಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ. ಮಧ್ಯಾಹ್ನ ತಗಡಿನ ಮನೆಯೊಳಗೆ ಹೇಗಿರುತ್ತದೆ ಅಂತ ಆ ಮನೆಯ ಹುಡುಗಿಯೇ ಹೇಳಬೇಕು.

ಇವರು ನಿಮ್ಮ ಸಭಾಂಗಣಕ್ಕೆ ಬರುವುದಿಲ್ಲ. ನೀವೇ ಅವರಿರುವಲ್ಲಿಗೆ ಹೋಗಿ. ಆಟದ ಮೈದಾನ, ಆರ್ಡರ್‌ಗೆ ಕಾಯುತ್ತಾ ಬೈಕ್ ನಿಲ್ಲಿಸಿಕೊಂಡಿರುವ ಜಾಗ, ಹಾಸ್ಟೆಲ್, ಟ್ಯೂಷನ್ ಬಿಡುವ ಹೊತ್ತು. ಪರೀಕ್ಷೆ ಸಮಯದಲ್ಲಿ ಏನೂ ಇಡಬೇಡಿ. ಹುಡುಗಿಯರು ಬರಬೇಕು ಅಂದರೆ ಕತ್ತಲಾಗುವ ಮೊದಲು ಮುಗಿಸಿ, ಹತ್ತಿರದಲ್ಲಿ ಶೌಚಾಲಯ ಇರಲಿ, ಮನೆಯವರ ಜೊತೆ ಒಮ್ಮೆ ಮಾತಾಡಿ. ಗಾಲಿಕುರ್ಚಿಯಲ್ಲಿ ಬರುವವರಿಗೆ ದಾರಿ ಇದೆಯಾ ನೋಡಿ. ದಿನಗೂಲಿ ಬಿಟ್ಟು ಬರುವವರಿಗೆ ಆ ದಿನದ ಕೂಲಿ ಕೊಡಬೇಕು. "ಸಮಾಜಸೇವೆ ಅಲ್ವಾ, ದುಡ್ಡು ಯಾಕೆ" ಅಂತ ಕೇಳುವವರು ಸಾಮಾನ್ಯವಾಗಿ ಸಂಬಳ ಪಡೆದೇ ಆ ಸಭೆಗೆ ಬಂದಿರುತ್ತಾರೆ.

18ಕ್ಕಿಂತ ಚಿಕ್ಕವರಿದ್ದರೆ ಮನೆಯವರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಜೊತೆಗೆ ಯಾವಾಗಲೂ ಇಬ್ಬರು ದೊಡ್ಡವರು ಇರಲಿ. ಫೋಟೊ ಹಾಕುವ ಮೊದಲು ಕೇಳಿ.

ಸಣ್ಣ ಜಾಗ ಆರಿಸಿ, ಅಳೆಯಿರಿ

ಇಡೀ ನಗರವನ್ನು ಉಳಿಸಲು ಹೊರಡಬೇಡಿ. ಒಂದು ಬೀದಿ, ಒಂದು ಶಾಲೆ, ಒಂದು ಮಾರುಕಟ್ಟೆ, ಎರಡು ಬಸ್ ನಿಲ್ದಾಣ. ಅಷ್ಟು ಸಾಕು. ಆ ಜಾಗವನ್ನು ಎರಡು ಸಲ ನಡೆದು ನೋಡಿ: ಬೇಸಿಗೆಯ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಒಮ್ಮೆ, ಜೋರು ಮಳೆ ನಿಂತ ಕೂಡಲೇ ಒಮ್ಮೆ. ಬಿಸಿಲಿನ ನಡಿಗೆ ಚಿಕ್ಕದಿರಲಿ, ನೀರು ಜೊತೆಗಿರಲಿ.

ಅಳತೆ ಅಂದ ಕೂಡಲೇ ಹುಡುಗರು ಚುರುಕಾಗುತ್ತಾರೆ. ಆದರೆ ಅಳತೆ ಸರಿಯಿಲ್ಲದಿದ್ದರೆ ಕಚೇರಿಯಲ್ಲಿ ಮೊದಲ ಪ್ರಶ್ನೆಗೇ ಎಲ್ಲ ಕುಸಿಯುತ್ತದೆ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಕಲಿಸಿ.

ಗನ್ನಿನ ಹಾಗಿರುವ ಇನ್‌ಫ್ರಾರೆಡ್ ಥರ್ಮಾಮೀಟರ್ ಮೇಲ್ಮೈಯ ಬಿಸಿ ತೋರಿಸುತ್ತದೆ, ಗಾಳಿಯ ಬಿಸಿಯನ್ನಲ್ಲ. ಬಿಸಿಲಿನ ಟಾರು 55 ತೋರಿಸಿತು ಅಂದರೆ ಊರಿನ ತಾಪಮಾನ 55 ಅಂತಲ್ಲ. ಈ ಎರಡನ್ನು ಬೆರೆಸಿ ರೀಲ್ಸ್ ಹಾಕಿದರೆ ಲೈಕ್ ಬರಬಹುದು, ಆದರೆ ನಿಮ್ಮ ಮಾತಿಗೆ ಬೆಲೆ ಹೋಗುತ್ತದೆ. ಗಾಳಿಯ ಬಿಸಿ ಅಳೆಯಲು ಸಾದಾ ಥರ್ಮಾಮೀಟರನ್ನು ನೆರಳಿನಲ್ಲಿ, ಗೋಡೆಗೆ ತಾಗಿಸದೆ, ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದು ಐದಾರು ನಿಮಿಷ ಕಾಯಬೇಕು. ಗಾಳಿಯಲ್ಲಿನ ತೇವಾಂಶವನ್ನೂ ಬರೆದುಕೊಳ್ಳಿ. ಬೆವರು ಆರಿದರೆ ಮಾತ್ರ ಮೈ ತಣಿಯುವುದು, ತೇವ ಜಾಸ್ತಿ ಇದ್ದರೆ ಬೆವರು ಆರುವುದಿಲ್ಲ, ಅದಕ್ಕೇ 35 ಡಿಗ್ರಿಯ ಜಿಗುಟು ದಿನ 40 ಡಿಗ್ರಿಯ ಒಣ ದಿನಕ್ಕಿಂತ ಕೆಟ್ಟದಾಗಿರಬಹುದು. ಎರಡು ಜಾಗ ಹೋಲಿಸುವಾಗ ಒಂದೇ ದಿನ, ಒಂದೇ ಹೊತ್ತಿಗೆ ಅಳೆಯಿರಿ. ಸಾಧ್ಯವಾದರೆ ರಾತ್ರಿ ಹತ್ತಕ್ಕೂ ಒಮ್ಮೆ, ಮನೆಯೊಳಗೆ. ಆ ಅಂಕಿ ಯಾರ ಹತ್ತಿರವೂ ಇರುವುದಿಲ್ಲ, ನಿಮ್ಮ ಹತ್ತಿರ ಇದ್ದರೆ ಅದೇ ದೊಡ್ಡ ಬಲ.

ನೀರಿಗೆ ಬೇರೆ ವಿಧಾನ. ಮಳೆ ಇಳಿದ ಮೇಲೆ ಗೋಡೆಯಲ್ಲಿ ನೀರಿನ ಗುರುತು ಎಲ್ಲಿವರೆಗಿದೆ ಅಂತ ಟೇಪ್ ಹಿಡಿದು ಅಳೆದು, ದಿನಾಂಕ, ಸಮಯ ಬರೆದಿಡಿ. ಪ್ರತಿ ಸಲ ಒಂದೇ ಜಾಗದಿಂದ, ಒಂದೇ ದಿಕ್ಕಿಗೆ ಫೋಟೊ ತೆಗೆಯಿರಿ. ಹಳಬರನ್ನು ಕೇಳಿ: "ನೀರು ಎಲ್ಲಿವರೆಗೆ ಬಂದಿತ್ತು? ಮೊಣಕಾಲಿಗಾ, ಸೊಂಟಕ್ಕಾ?" ಇದು ಸುಮ್ನೆ ಹರಟೆಯಲ್ಲ. ಟಾಂಜಾನಿಯಾದ ದಾರ್ ಎಸ್ ಸಲಾಮ್ ನಗರದಲ್ಲಿ 2015ರಲ್ಲಿ ಶುರುವಾದ 'ರಮಾನಿ ಹುರಿಯಾ' ಯೋಜನೆಯಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮತ್ತು ಅಲ್ಲಿನ ನಿವಾಸಿಗಳು ಸೇರಿ ನೆರೆ ಬರುವ ವಾರ್ಡುಗಳ ಬೀದಿ, ಚರಂಡಿ, ಮನೆಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ, ಅಂದರೆ ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ ಇಂಟರ್ನೆಟ್ ಮ್ಯಾಪಿಗೆ, ಏರಿಸಿದರು. ಅದಕ್ಕೂ ಮೊದಲು, 2009ರಲ್ಲಿ, ನೈರೋಬಿಯ ಕಿಬೇರಾ ಕೊಳೆಗೇರಿಯನ್ನು ಅಲ್ಲಿನ ಯುವಜನರೇ ಮ್ಯಾಪ್ ಮಾಡಿದ್ದರು. ಲಕ್ಷಾಂತರ ಜನ ಇದ್ದ ಜಾಗ ಅಲ್ಲಿವರೆಗೆ ಮ್ಯಾಪಿನಲ್ಲಿ ಬಹುಪಾಲು ಖಾಲಿ. ಓಪನ್‌ಸ್ಟ್ರೀಟ್‌ಮ್ಯಾಪ್ ಉಚಿತ, ಒಂದು ಮೊಬೈಲ್ ಇದ್ದರೆ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು.

ಒಂದು ನಿಯಮಕ್ಕೆ ಮಾತ್ರ ರಿಯಾಯಿತಿ ಇಲ್ಲ. ಅಳೆಯಲು ಯಾರೂ ನೀರಿಗಿಳಿಯುವಂತಿಲ್ಲ. ರಭಸವಾಗಿ ಹರಿಯುವ 15 ಸೆಂಟಿಮೀಟರ್ ನೀರು ದೊಡ್ಡವರನ್ನೂ ಬೀಳಿಸಬಹುದು. ಕೆಳಗೆ ತೆರೆದ ಮ್ಯಾನ್‌ಹೋಲ್ ಇರಬಹುದು, ಪಕ್ಕದ ಕಂಬದಿಂದ ಕರೆಂಟ್ ಹರಿದಿರಬಹುದು. ಮ್ಯಾನ್‌ಹೋಲ್‌ಗೆ, ಚರಂಡಿಗೆ ಇಳಿಸಿ ಶುಚಿ ಮಾಡಿಸುವುದಂತೂ ಯಾವ ಕಾರಣಕ್ಕೂ ಬೇಡ. ಯುವಜನರನ್ನು ಪುಕ್ಕಟೆ ಪೌರಕಾರ್ಮಿಕರನ್ನಾಗಿ ಮಾಡುವ 'ಸ್ವಚ್ಛತಾ ಕಾರ್ಯಕ್ರಮ'ಗಳು ಈಗಾಗಲೇ ಬೇಕಾದಷ್ಟಿವೆ.

ಅಳತೆಯಾಯಿತು, ಈಗ ಏನು ಮಾಡುವುದು

ಇಲ್ಲಿ ಅವರೇ ಆರಿಸಲಿ. ಸಾಮಾನ್ಯವಾಗಿ ಕೈಗೆಟುಕುವ ಕೆಲಸಗಳು ಕೆಲವಿವೆ, ಒಂದೊಂದರಲ್ಲೂ ಒಂದೊಂದು ಹಳ್ಳ ಇದೆ. ಅದನ್ನು ಮೊದಲೇ ಹೇಳಿ.

ಮರ ನೆಡುವುದು ಎಲ್ಲರಿಗೂ ಮೊದಲು ಹೊಳೆಯುತ್ತದೆ. ನೆಡುವುದು ಒಂದು ದಿನದ ಕೆಲಸ, ಉಳಿಸುವುದು ಎರಡು ಮೂರು ಬೇಸಿಗೆಯ ಕೆಲಸ. ನೀರು ಯಾರು ಹಾಕುತ್ತಾರೆ, ಎಲ್ಲಿಂದ ತರುತ್ತಾರೆ ಅಂತ ಹೆಸರು ಬರೆದ ಮೇಲಷ್ಟೇ ಗುಂಡಿ ತೋಡಿ. ಸಿಯೆರಾ ಲಿಯೋನ್ ದೇಶದ ಫ್ರೀಟೌನ್‌ನಲ್ಲಿ 2020ರಲ್ಲಿ ಹತ್ತು ಲಕ್ಷ ಮರ ಬೆಳೆಸುವ ಯೋಜನೆ ಶುರುವಾದಾಗ ಇದನ್ನು ಚೆನ್ನಾಗಿ ಯೋಚಿಸಿದ್ದರು. ಪ್ರತಿ ಗಿಡಕ್ಕೂ ಮೊಬೈಲ್ ಆ್ಯಪ್‌ನಲ್ಲಿ ದಾಖಲೆ, ನೋಡಿಕೊಳ್ಳುವ ಸ್ಥಳೀಯರಿಗೆ ಹಣ. ದುಡ್ಡು ಬರುವುದು ಗಿಡ ನೆಟ್ಟದ್ದಕ್ಕಷ್ಟೇ ಅಲ್ಲ, ಅದು ಬದುಕಿದೆಯಾ ಅಂತ ಹೋಗಿ ನೋಡಿ ದಾಖಲಿಸಿದ್ದಕ್ಕೂ.

ಬಿಳಿ ಚಾವಣಿ ನನ್ನ ಮಟ್ಟಿಗೆ ಯುವಜನರ ಗುಂಪಿಗೆ ಅತಿ ಒಳ್ಳೆಯ ಮೊದಲ ಕೆಲಸ. ಬಿಸಿಲನ್ನು ತಿರುಗಿಸಿ ಕಳಿಸುವ ಬಿಳಿ ಲೇಪ ಹಾಕಿದರೆ ಚಾವಣಿ ಮುಟ್ಟಿ ನೋಡಿದಾಗಲೇ ವ್ಯತ್ಯಾಸ ತಿಳಿಯುತ್ತದೆ, ಮೇಲಿನ ಮಹಡಿಯ ಕೋಣೆಯೂ ಒಂದಷ್ಟು ತಂಪಾಗುತ್ತದೆ. ನ್ಯೂಯಾರ್ಕ್ ನಗರ 2009ರಿಂದ ಈ ಕೆಲಸ ಮಾಡಿಸುತ್ತಿದೆ. ಆಮೇಲೆ ಅದನ್ನು ಕೆಲಸ ಹುಡುಕುತ್ತಿರುವವರಿಗೆ ಸಂಬಳ ಕೊಟ್ಟು ತರಬೇತಿ ನೀಡುವ ಕಾರ್ಯಕ್ರಮವಾಗಿ ಬದಲಿಸಿತು. ಒಳ್ಳೆ ತಿರುವು ಅದು. ಬರೀ ಸೇವೆಯಾಗಿದ್ದದ್ದು ಕಸುಬಾಯಿತು. ನೀವು ಮಾಡುವಾಗ ಅಂಚಿನಲ್ಲಿ ಗೋಡೆ ಇಲ್ಲದ ಚಾವಣಿಗೆ ಯಾರನ್ನೂ ಹತ್ತಿಸಬೇಡಿ. ಸಿಮೆಂಟ್ ಶೀಟಿನ ಮೇಲೆ ಕಾಲಿಡಬೇಡಿ, ಒಡೆಯುತ್ತದೆ. ಹಳೇ ಶೀಟಾದರೆ ಕಲ್ನಾರು (ಆಸ್ಬೆಸ್ಟಸ್) ಇರಬಹುದು, ಕೆರೆಯಲೂ ಬೇಡ, ಉಜ್ಜಲೂ ಬೇಡ. ಧೂಳು ಕೂತರೆ ಬಿಳಿ ಬಣ್ಣದ ಕೆಲಸ ಅರ್ಧವಾಗುತ್ತದೆ, ವರ್ಷಕ್ಕೊಮ್ಮೆಯಾದರೂ ತೊಳೆಯುವವರು ಬೇಕು. ಬಣ್ಣ ಹೊಡೆಯುವ ಮೊದಲು ಒಂದು ವಾರ, ಹೊಡೆದ ಮೇಲೆ ಒಂದು ವಾರ ಕೋಣೆಯ ತಾಪಮಾನ ಬರೆಯಿರಿ. ಬಣ್ಣ ಹೊಡೆಯದ ಪಕ್ಕದ ಮನೆಯಲ್ಲೂ ಬರೆಯಿರಿ, ಇಲ್ಲವಾದರೆ ಹವೆ ಬದಲಾದದ್ದೋ ಬಣ್ಣದ ಫಲವೋ ಅಂತ ಹೇಳಲಾಗದು.

ಅತಿ ಕಡಿಮೆ ಖರ್ಚಿನದ್ದು ಬಾಗಿಲು ತಟ್ಟುವ ಕೆಲಸ. ಬೀದಿಯಲ್ಲಿ ಒಂಟಿ ವೃದ್ಧರು, ಹಾಸಿಗೆ ಹಿಡಿದವರು, ಬಾಣಂತಿಯರು ಯಾರಿದ್ದಾರೆ ಅಂತ ಅವರ ಒಪ್ಪಿಗೆ ಪಡೆದು ಪಟ್ಟಿ ಮಾಡಿ. ಬಿಸಿಗಾಳಿ ಎಚ್ಚರಿಕೆ ಬಂದ ದಿನ ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಫೋನ್ ಅಥವಾ ಭೇಟಿ. ಒಬ್ಬರಿಗೆ ಮೂರ್ನಾಲ್ಕು ಮನೆಗಿಂತ ಜಾಸ್ತಿ ಬೇಡ. ಕೇಳಬೇಕಾದ್ದು ಸರಳ: ನೀರು ಕುಡಿದರಾ, ಫ್ಯಾನ್ ಓಡುತ್ತಿದೆಯಾ, ತಲೆ ಸುತ್ತುತ್ತಿದೆಯಾ. ಮಾತು ತೊದಲುತ್ತಿದ್ದರೆ, ಗೊಂದಲವಾಗಿದ್ದರೆ, ಮೈ ಕೆಂಡವಾಗಿದ್ದರೆ ಅದು ಬಿಸಿಲಾಘಾತ ಇರಬಹುದು. ಆಂಬುಲೆನ್ಸ್ ಕರೆದು, ನೆರಳಿಗೆ ತಂದು, ಮೈಗೆ ತಣ್ಣೀರು ಸುರಿದು ಗಾಳಿ ಬೀಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಇಷ್ಟನ್ನು ಒಬ್ಬ ನರ್ಸ್ ಅಥವಾ ಡಾಕ್ಟರಿಂದ ಒಂದು ಗಂಟೆಯಲ್ಲಿ ಕಲಿಸಿ. ಒಂದು ಎಚ್ಚರಿಕೆ, ಆ ಪಟ್ಟಿ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬಾರದು. ಒಂಟಿಯಾಗಿರುವವರ ವಿಳಾಸ ಕಳ್ಳರಿಗೂ ಬೇಕಾದದ್ದೇ.

ಮಳೆಗಾಲಕ್ಕೆ ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸುಮಾರು ಏಳರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ನಿಂತ ನೀರು ಚೆಲ್ಲಿದರೆ ಸರಪಳಿ ತುಂಡಾಗುತ್ತದೆ. ಪ್ರತಿ ವಾರ, ನಿಗದಿ ದಿನ, ತಪ್ಪಬಾರದು. ಬೇರೇನೂ ಹೇಳುವುದಿಲ್ಲ ಇದರಲ್ಲಿ.

ಶಾಲೆಯ ಅಂಗಳ, ಚೌಕಗಳನ್ನು ಬದಲಿಸುವುದು ದೊಡ್ಡ ಕೆಲಸ, ಆದರೆ ಯುವಜನರ ತಲೆ ಅಲ್ಲಿ ಚೆನ್ನಾಗಿ ಓಡುತ್ತದೆ. ಪ್ಯಾರಿಸ್‌ನಲ್ಲಿ 2018ರ ಹೊತ್ತಿಗೆ ಶಾಲಾ ಅಂಗಳಗಳ ಡಾಂಬರು ಕಿತ್ತು ಮಣ್ಣು, ಗಿಡ, ನೆರಳು ತರುವ 'ಓಯಸಿಸ್' ಯೋಜನೆ ಶುರುವಾಯಿತು. ಅಂಗಳ ಹೇಗಿರಬೇಕು ಅಂತ ಮಕ್ಕಳನ್ನೂ ಕೇಳಿದರು. ಶಾಲೆ ಇಲ್ಲದ ಹೊತ್ತಿನಲ್ಲಿ ನೆರೆಹೊರೆಯವರಿಗೂ ತೆರೆಯುವ ಉದ್ದೇಶ. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ 2013ರಲ್ಲಿ ಮುಗಿದ ಬೆಂಥೆಮ್‌ಪ್ಲೇನ್ ಚೌಕ ಇನ್ನೂ ಮಜವಾಗಿದೆ. ಒಣ ದಿನಗಳಲ್ಲಿ ಆಟದ ಅಂಕಣ, ಸ್ಕೇಟಿಂಗ್ ಜಾಗ. ಜೋರು ಮಳೆ ಬಂದಾಗ ಅದೇ ತಗ್ಗುಗಳು ಸುಮಾರು 17 ಲಕ್ಷ ಲೀಟರ್ ನೀರು ಹಿಡಿದಿಡುತ್ತವೆ. ಪಕ್ಕದ ಕಾಲೇಜಿನ ವಿದ್ಯಾರ್ಥಿಗಳು ಅದರ ವಿನ್ಯಾಸದ ಚರ್ಚೆಯಲ್ಲಿ ಕೂತಿದ್ದರು. ನಕ್ಷೆ ಓದಲು ಬಾರದವರೂ ಸೇರಬೇಕು ಅಂದರೆ ತುಂಡು ಜೋಡಿಸಿ ಏನು ಬೇಕಾದರೂ ಕಟ್ಟುವ ಮೈನ್‌ಕ್ರಾಫ್ಟ್ ಕಂಪ್ಯೂಟರ್ ಆಟ ಬಳಸಬಹುದು. ನಗರ, ವಸತಿಯ ಕೆಲಸ ನೋಡುವ ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟಾಟ್ ಸಂಸ್ಥೆ 2012ರಿಂದ ಹಲವು ದೇಶಗಳಲ್ಲಿ ಸಾರ್ವಜನಿಕ ಜಾಗಗಳ ವಿನ್ಯಾಸಕ್ಕೆ ಅದನ್ನೇ ಬಳಸಿದೆ. ಕಂಪ್ಯೂಟರ್ ಇಲ್ಲವಾ, ನೆಲದ ಮೇಲೆ ಸೀಮೆಸುಣ್ಣದಲ್ಲಿ ನಿಜ ಅಳತೆಗೇ ಬರೆದು ಒಳಗೆ ನಡೆದು ನೋಡಿ.

ಯಾವ ಕೆಲಸ ಆರಿಸಿದರೂ ಒಂದು ಪ್ರಶ್ನೆಯನ್ನು ಗುಂಪಿನಲ್ಲಿ ಯಾರಾದರೂ ಎತ್ತಲೇಬೇಕು: ಇದರ ಭಾರ ಯಾರ ಮೇಲೆ ಬೀಳುತ್ತದೆ? ನಮ್ಮ ಬೀದಿಯ ನೀರನ್ನು ಬೇಗ ಹರಿಸಿಬಿಟ್ಟರೆ ಅದು ಕೆಳಗಿನ ಬಡಾವಣೆಗೆ ಹೋಗಿ ನಿಲ್ಲುತ್ತದೆ. ಎಲ್ಲರೂ ಎಸಿ ಹಾಕಿಸಿದರೆ ಒಳಗಿನ ಬಿಸಿ ಬೀದಿಗೆ ಬರುತ್ತದೆ, ಬೀದಿಯಲ್ಲಿ ಕೂತು ಮಾರುವವರಿಗೆ. ಕಾಲುವೆ ಪಕ್ಕ 'ಹಸಿರು ಪಟ್ಟಿ' ಮಾಡುತ್ತೇವೆ ಅಂತ ಅಲ್ಲಿದ್ದ ಮನೆಗಳನ್ನು ಎಬ್ಬಿಸುವುದೂ ನಡೆಯುತ್ತದೆ. ಈ ಪ್ರಶ್ನೆಯನ್ನು ಯುವಜನರು ದೊಡ್ಡವರಿಗಿಂತ ಬೇಗ ಕೇಳುತ್ತಾರೆ, ಕೇಳಿದಾಗ ಬಾಯಿ ಮುಚ್ಚಿಸಬೇಡಿ.

ಕಚೇರಿಯ ಬಾಗಿಲು

ಇಲ್ಲಿಯೇ ಹೆಚ್ಚಿನ ಗುಂಪುಗಳು ಸುಸ್ತಾಗುವುದು. ಚರಂಡಿ ಒಂದು ಇಲಾಖೆಯದ್ದು, ರಸ್ತೆ ಇನ್ನೊಂದರದ್ದು, ಮರ ಮತ್ತೊಂದರದ್ದು, ಕಂಬ ಬೇರೆಯವರದ್ದು. ಮೊದಲ ಕೆಲಸ ಯಾವುದು ಯಾರದ್ದು ಅಂತ ಪಟ್ಟಿ ಮಾಡುವುದು. ಜನಪ್ರತಿನಿಧಿಯನ್ನು ಭೇಟಿ ಮಾಡಿ, ಫೋಟೊ ತೆಗೆಸಿಕೊಳ್ಳಿ, ಸರಿ. ಆದರೆ ನಿಜವಾಗಿ ಕೆಲಸ ಮಾಡಿಸುವ ಕಿರಿಯ ಎಂಜಿನಿಯರ್ ಯಾರು ಅಂತ ಪತ್ತೆ ಮಾಡಿ ಅವರ ಹತ್ತಿರ ಎರಡು ಸಲ ಹೋಗಿ. ಅವರಿಗೂ ಅಂಕಿ ಬೇಕಿರುತ್ತದೆ, ಮೇಲಿನವರಿಗೆ ತೋರಿಸಲು.

ಹೋಗುವಾಗ ಒಂದೇ ಹಾಳೆ. ಮೇಲೆ ಮ್ಯಾಪು, ನಡುವೆ ಮೂರು ಅಂಕಿ, ಕೆಳಗೆ ಒಂದು ಬೇಡಿಕೆ. ಹತ್ತು ಬೇಡಿಕೆ ಇಟ್ಟರೆ ಅತಿ ಸುಲಭದ್ದೊಂದನ್ನು ಮಾಡಿ ಮುಗಿಯಿತು ಅನ್ನುತ್ತಾರೆ. ಬಜೆಟ್ ತಯಾರಾಗುವ ತಿಂಗಳುಗಳ ಮೊದಲೇ ಹೋಗಿ, ಮಂಡನೆಯಾದ ಮೇಲೆ ಹೋದರೆ ಮುಂದಿನ ವರ್ಷ ನೋಡೋಣ ಅಂತಲೇ ಉತ್ತರ. ಕೊಟ್ಟದ್ದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ನಿಮ್ಮ ನಗರಕ್ಕೆ ಬಿಸಿಗಾಳಿ ಕ್ರಿಯಾಯೋಜನೆ ಇದೆಯಾ ಅಂತ ಕೇಳಿ. 2010ರ ಭೀಕರ ಬಿಸಿಗಾಳಿಯ ನಂತರ ಅಹಮದಾಬಾದ್ 2013ರಲ್ಲಿ ಅಂಥದ್ದೊಂದು ಮಾಡಿತು. ಬಿಸಿಯ ತೀವ್ರತೆಗೆ ತಕ್ಕ ಬಣ್ಣದ ಎಚ್ಚರಿಕೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಎಲ್ಲ ಇತ್ತು, ಆಮೇಲೆ ಎಷ್ಟೋ ನಗರಗಳು ಅದನ್ನು ನೋಡಿ ಕಲಿತವು. ಯೋಜನೆ ಇದ್ದರೆ, ಎಚ್ಚರಿಕೆ ಬಂದ ದಿನ ನಿಮ್ಮ ವಾರ್ಡಿನಲ್ಲಿ ಯಾರು ಏನು ಮಾಡಬೇಕು ಅಂತ ಅದರಲ್ಲಿ ಬರೆದಿದೆಯಾ ನೋಡಿ. ಇಲ್ಲದಿದ್ದರೆ ನಿಮ್ಮ ಬೇಡಿಕೆ ಅದೇ ಇರಲಿ.

"ಹುಡುಗರನ್ನು ಯಾಕೆ ಕೇಳಬೇಕು" ಅನ್ನುವವರಿಗೂ ಉತ್ತರ ಇದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತಮಗೆ ಸಂಬಂಧಿಸಿದ ವಿಷಯದಲ್ಲಿ ಮಕ್ಕಳ ಮಾತು ಕೇಳಬೇಕು, ಅದಕ್ಕೆ ತಕ್ಕ ತೂಕ ಕೊಡಬೇಕು ಅನ್ನುತ್ತದೆ. 2023ರಲ್ಲಿ ಆ ಒಡಂಬಡಿಕೆಯ ಸಮಿತಿ ತನ್ನ 26ನೇ ಸಾಮಾನ್ಯ ಟಿಪ್ಪಣಿಯಲ್ಲಿ ಪರಿಸರ, ಅದರಲ್ಲೂ ಹವಾಮಾನ ಬದಲಾವಣೆಯ ವಿಷಯದಲ್ಲಿ ಇದನ್ನು ಬಿಡಿಸಿ ಹೇಳಿತು. ಹಣದ ಮಾತಿಗೂ ಉದಾಹರಣೆ ಇದೆ. 2014ರಲ್ಲಿ ಬಾಸ್ಟನ್ ನಗರ ತನ್ನ ಬಜೆಟ್‌ನ ಹತ್ತು ಲಕ್ಷ ಡಾಲರ್ ತೆಗೆದಿಟ್ಟು, ಎಲ್ಲಿ ಖರ್ಚು ಮಾಡಬೇಕು ಅಂತ ಯುವಜನರೇ ಮತ ಹಾಕಿ ತೀರ್ಮಾನಿಸಲಿ ಅಂದಿತು. ಅಷ್ಟು ಬೇಡ. ಒಂದು ವಾರ್ಡಿನ ಸಣ್ಣ ಮೊತ್ತದಿಂದ ಶುರು ಮಾಡಿ.

ನೀವು ಅಧಿಕಾರಿಯಾಗಿದ್ದರೆ ಒಂದೇ ಕೋರಿಕೆ. ಆಗುವುದಿಲ್ಲ ಅಂದರೆ ಆಗುವುದಿಲ್ಲ ಅಂತಲೇ ಹೇಳಿ, ಕಾರಣ ಬರೆದು ಕೊಡಿ. ಕಾರಣ ಸಹಿತ ಇಲ್ಲ ಅಂದರೆ ಅವರು ಬೇರೆ ದಾರಿ ಹುಡುಕುತ್ತಾರೆ. ಉತ್ತರವೇ ಇಲ್ಲದೆ ಆರು ತಿಂಗಳು ಕಾಯಿಸಿದರೆ ಗುಂಪು ಕರಗುತ್ತದೆ.

ಗುಂಪು ಉಳಿಯಬೇಕಾದರೆ

ಸಭೆ ಒಂದು ಗಂಟೆ ಮೀರಬಾರದು. ಅರ್ಧ ಸಭೆಗಳು ಬೀದಿಯಲ್ಲೇ ನಿಂತು ಆಗಲಿ. ಅಳೆಯುವವರು, ಮ್ಯಾಪ್ ಮಾಡುವವರು, ಕಚೇರಿಗೆ ಹೋಗಿ ಮಾತಾಡುವವರು, ಲೆಕ್ಕ ಬರೆಯುವವರು ಅಂತ ಪಾತ್ರ ಹಂಚಿ, ಮೂರು ತಿಂಗಳಿಗೊಮ್ಮೆ ಬದಲಿಸಿ. ಲೆಕ್ಕವಂತೂ ಎಲ್ಲರಿಗೂ ಕಾಣುವ ಹಾಗಿರಲಿ, ಗೆಳೆತನ ಮುರಿಯುವುದೇ ಅಲ್ಲಿ.

ಕೆಲಸವನ್ನು ವರ್ಷದ ಜೊತೆ ಹೊಂದಿಸಿಕೊಳ್ಳಿ. ಬೇಸಿಗೆಗೆ ಮೊದಲು ಚಾವಣಿ ಮತ್ತು ಮನೆಗಳ ಪಟ್ಟಿ, ಮಳೆಗಾಲಕ್ಕೆ ಮೊದಲು ಚರಂಡಿಯ ದೂರುಗಳು, ಮಳೆಯಲ್ಲಿ ಸೊಳ್ಳೆ ಮತ್ತು ನೀರಿನ ಗುರುತು, ಬಜೆಟ್‌ಗೆ ಮೊದಲು ಆ ಒಂದು ಹಾಳೆ. ಪರೀಕ್ಷೆ ತಿಂಗಳಲ್ಲಿ ರಜೆ.

ಮಾಡಿದ್ದು ಫಲ ಕೊಟ್ಟಿತಾ ಅಂತ ಮತ್ತೆ ಅಳೆಯಿರಿ. ಕೊಡದಿದ್ದರೆ ಅದನ್ನೂ ಹಾಗೇ ಬರೆಯಿರಿ, ನೆಟ್ಟ ಐವತ್ತರಲ್ಲಿ ಇಪ್ಪತ್ತು ಗಿಡ ಉಳಿದಿದ್ದರೆ ಇಪ್ಪತ್ತು ಅಂತಲೇ. ಸತ್ತ ಮೂವತ್ತು ಯಾಕೆ ಸತ್ತವು ಅನ್ನೋದೇ ಮುಂದಿನ ಗುಂಪಿಗೆ ಬೇಕಾದ ಮಾಹಿತಿ.

ಕೆಲವರು ಮಧ್ಯೆ ಕುಗ್ಗುತ್ತಾರೆ. ಸುದ್ದಿ ನೋಡಿ ನೋಡಿ "ಇದೆಲ್ಲ ಮಾಡಿ ಏನು ಪ್ರಯೋಜನ" ಅನ್ನಿಸುತ್ತದೆ. ಆಗ ಉಪದೇಶ ಬೇಡ, ಧೈರ್ಯ ತುಂಬುವ ಸ್ಟೇಟಸ್ಸೂ ಬೇಡ. ಕೂತು ಕೇಳಿ, ಬೇಕಾದರೆ ಒಂದು ತಿಂಗಳು ಬಿಡುವು ಕೊಡಿ, ಕೆಲಸ ಬೇರೆಯವರು ನೋಡಿಕೊಳ್ಳಲಿ.

ಇನ್ನು ಯುವಜನರ ಗುಂಪಿನ ದೊಡ್ಡ ಕಷ್ಟ, ಅವರು ಹೊರಟುಹೋಗುತ್ತಾರೆ. ಓದು ಮುಗಿಯುತ್ತದೆ, ಬೇರೆ ಊರಲ್ಲಿ ಕೆಲಸ ಸಿಗುತ್ತದೆ, ಮದುವೆಯಾಗುತ್ತದೆ. ಇದು ಗೊತ್ತಿರುವ ವಿಷಯ, ಹಾಗಾಗಿ ಮೊದಲ ದಿನದಿಂದಲೇ ಅದಕ್ಕೆ ತಯಾರಿ ಇರಲಿ. ಪ್ರತಿ ಪಾತ್ರಕ್ಕೂ ಇಬ್ಬರು, ಅದರಲ್ಲಿ ಒಬ್ಬರು ಕನಿಷ್ಠ ಎರಡು ವರ್ಷ ಚಿಕ್ಕವರು. ಅಳತೆಯ ದಾಖಲೆ ಯಾರೋ ಒಬ್ಬರ ಮೊಬೈಲಿನಲ್ಲಿ ಇರಬಾರದು, ಗುಂಪಿನ ಹೆಸರಿನ ಇಮೇಲ್ ಖಾತೆಯಲ್ಲಿರಲಿ, ಪಾಸ್‌ವರ್ಡ್ ಮೂವರ ಹತ್ತಿರ ಇರಲಿ, ಒಂದು ಪ್ರತಿ ಕಾಗದದಲ್ಲೂ ಇರಲಿ. ವಯಸ್ಸಾದವರ ಪಟ್ಟಿ ಮಾತ್ರ ಕಾಗದದಲ್ಲೇ, ಒಬ್ಬರ ಜವಾಬ್ದಾರಿಯಲ್ಲಿ. ಬಿಟ್ಟುಹೋಗುವವರು ಕೊನೆಯ ತಿಂಗಳಲ್ಲಿ ಹೊಸಬರನ್ನು ಕರೆದುಕೊಂಡು ಆ ಕಿರಿಯ ಎಂಜಿನಿಯರ್ ಹತ್ತಿರ ಒಮ್ಮೆ ಹೋಗಿ ಪರಿಚಯ ಮಾಡಿಸಬೇಕು, ತಾವು ಭೇಟಿ ಕೊಡುತ್ತಿದ್ದ ಮೂರ್ನಾಲ್ಕು ಮನೆಗಳಿಗೂ ಒಟ್ಟಿಗೆ ಹೋಗಿ ಬರಬೇಕು.